ಸುನ್ನಿವಾ ಎಂಬ ಬ್ರೆಡ್ಡು

ಆರಿಸಿದ ಮೇಲೂ ಟಿವಿ ಒಮ್ಮೆಲೇ ಸುಮ್ಮನಾಗುವುದಿಲ್ಲ. ಕಾದ ಪೆಟ್ಟಿಗೆ ತಣ್ಣಗಾಗುತ್ತ ಒಳಗೊಳಗೇ ಟಿಕ್ ಎನ್ನುತ್ತದೆ; ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್. ಹಗಲಲ್ಲಿ ಯಾರ ಕಿವಿಗೂ ಬೀಳದ ಆ ಸದ್ದು ನಡುರಾತ್ರಿಯಲ್ಲಿ ಮೆಟ್ಟಿಲು ಹತ್ತಿ ಮಲಗುವ ಕೋಣೆಯವರೆಗೂ ಬರುತ್ತಿತ್ತು. ಆರ್ಲಿಸ್ ಕಣ್ಣು ಬಿಟ್ಟುಕೊಂಡೇ ಅದನ್ನು ಕೇಳುತ್ತಿದ್ದಳು. ಪಕ್ಕದಲ್ಲಿ ಗಂಡ ಹಾಲ್ವರ್ ಗೋಡೆಯತ್ತ ಮುಖ ಮಾಡಿ ಮಲಗಿದ್ದ. ಅವನಿಗೂ ನಿದ್ದೆ ಬಂದಿಲ್ಲವೆಂದು ಅವಳಿಗೆ ಗೊತ್ತಿತ್ತು. ಬಂದಿದ್ದರೆ ಗೊರಕೆ ಕೇಳಬೇಕಿತ್ತು.

ಸಂಜೆ ಬಿಲ್ಲಿಂಗ್ಸ್ ಪಟ್ಟಣದಿಂದ ಫೋನು ಬಂದಿತ್ತು. ಮಾತಾಡಿದವಳು ಹಾಲ್ವರ್‌ನ ಚಿಕ್ಕಪ್ಪನ ಮಗಳು ಪರ್ನಿಲ್.

"ಆರ್ಲಿಸ್, ನಿಮ್ಮಿಬ್ರನ್ನೂ ಟಿವೀಲಿ ನೋಡಿದ್ವಿ ಕಣೇ! ಈಗ ತಾನೇ ಮುಗೀತು! ಆ ನೀಲಿ ಡ್ರೆಸ್ಸಲ್ಲಿ ಎಷ್ಟು ಚೆನ್ನಾಗಿ ಕಾಣ್ತಿದ್ದೆ ಗೊತ್ತಾ? ಸೋತ್ರೆ ಸೋತ್ರಿ ಬಿಡು. ಅದ್ಸರಿ, ಹಾಲ್ವರ್ ಒಂದು ಬ್ರೆಡ್ಡಿನ ಹೆಸರು ಹೇಳಿದ್ನಲ್ಲ, ಅದ್ಯಾವುದೇ? ನಮ್ಮಜ್ಜಿ ಮಾಡಿದ್ದು ನಾನಂತೂ ಕಾಣೆ. ನಿನ್ನ ತವರಿನ ಕಡೇದಾ?"

"ಹೂಂ. ಆ ಕಡೇದೇ."

"ಹಾಗಾದ್ರೆ ಮಾಡೋದು ಹೇಗೆ ಅಂತ ಬರೆದು ಕಳ್ಸೇ. ಕ್ರಿಸ್‌ಮಸ್ಸಿಗೆ ನಾನೂ ಮಾಡ್ತೀನಿ."

ಅಂದರೆ ಆ ಮಾತನ್ನು ಯಾರೂ ಕತ್ತರಿಸಿಲ್ಲ. ಅದು ಹಾಗೆಯೇ ಉಳಿದಿದೆ, ಊರಿಂದ ಊರಿಗೆ ದಾಟುತ್ತ ಇತ್ತಲೇ ಬರುತ್ತಿದೆ.

'ಜೋಡಿಮಾತು' ಎಂಬ ಆ ಆಟವನ್ನು ಆರ್ಲಿಸ್ ಮದುವೆಯಾದ ಹೊಸದರಿಂದ ನೋಡಿಕೊಂಡು ಬಂದವಳು. ಆಗ ಅದನ್ನು ದೇಶದ ದೊಡ್ಡ ವಾಹಿನಿಯೊಂದು ಬೆಳಗಿನ ಹೊತ್ತು ತೋರಿಸುತ್ತಿತ್ತು. ಅತ್ತೆ ಅದರ ಮುಂದೆ ನಿಂತೇ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು, ಉತ್ತರ ಹೊಳೆದಾಗಲೆಲ್ಲ ಇಸ್ತ್ರಿಪೆಟ್ಟಿಗೆಯನ್ನು ಮೇಲೆತ್ತಿ ಕೂಗುತ್ತಿದ್ದಳು. ಗಂಡ ಹೆಂಡತಿ ಎದುರುಬದುರು ಕೂರಬೇಕು. ಒಬ್ಬರಿಗೆ ಚೀಟಿಯಲ್ಲಿ ಒಂದು ಪದ ತೋರಿಸುತ್ತಾರೆ. ಅದನ್ನು ಬಿಟ್ಟು ಬೇರೆ ಒಂದೇ ಒಂದು ಪದ ಹೇಳಿ ಎದುರಿನವರ ಬಾಯಿಂದ ಚೀಟಿಯ ಪದವನ್ನು ಹೊರಡಿಸಬೇಕು. ಅಷ್ಟೇ ಆಟ. ಹತ್ತು ವರ್ಷ ಓಡಿದ ಮೇಲೆ, ಹೆಂಗಸರಿಗೆ ಇದು ಹಳಸಿತು ಎಂದು ದೊಡ್ಡ ವಾಹಿನಿಯವರು ಕೈಬಿಟ್ಟರು. ಅತ್ತೆ ಸತ್ತದ್ದೂ ಅದೇ ವರ್ಷ. ಎರಡೂ ಮುಗಿದವು ಎಂದೇ ಆರ್ಲಿಸ್ ತಿಳಿದಿದ್ದಳು. ಆದರೆ ಆಟ ಕಟ್ಟಿದವನು ಬಿಡಲಿಲ್ಲ. ಅವೇ ಕುರ್ಚಿ, ಅದೇ ಗಂಟೆ, ಆಟ ನಡೆಸುವ ಅದೇ ಮನುಷ್ಯ. ಅವನ ಕೂದಲು ಮಾತ್ರ ಹೊಸದು. ಎಲ್ಲವನ್ನೂ ಇಟ್ಟುಕೊಂಡು ಊರೂರಿನ ಸಣ್ಣ ಸಣ್ಣ ಟಿವಿ ಕೇಂದ್ರಗಳಿಗೆ ಒಂದೊಂದಾಗಿ ಮಾರತೊಡಗಿದ. ಹಿಂದೆ ಸಿಡಿಲಿನ ಹಾಗೆ ದೇಶದ ಮೇಲೆಲ್ಲ ಒಂದೇ ಸಲ ಬೀಳುತ್ತಿದ್ದ ಆಟ ಈಗ ಬಳೆಗಾರನ ಹಾಗೆ ಬಾಗಿಲಿಂದ ಬಾಗಿಲಿಗೆ ತಿರುಗಿ ಬರುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಗಂಡ ಹೆಂಡತಿ ಕ್ಯಾಲಿಫೋರ್ನಿಯಾದಲ್ಲಿದ್ದ ಹಾಲ್ವರ್‌ನ ಅಣ್ಣನ ಮನೆಗೆ ಹೋಗಿದ್ದರು. ಅತ್ತಿಗೆ ಅವರನ್ನು ಸ್ಟುಡಿಯೋ ಮುಂದಿನ ಸಾಲಿನಲ್ಲಿ ನಿಲ್ಲಿಸಿದಳು. ಆಯ್ಕೆ ಮಾಡುವ ಹುಡುಗಿಗೆ ಹಾಲ್ವರ್‌ನ ರಾಗ ಎಳೆಯುವ ಮಾತೇ ಇಷ್ಟವಾಗಿ ಒಳಗೆ ಕರೆದಳು. ಮೂರು ಪದ ಸಲೀಸಾಗಿ ದಾಟಿದರು. ನಾಲ್ಕನೆಯ ಚೀಟಿ ಆರ್ಲಿಸ್‌ಳ ಕೈಗೆ ಬಂತು: ಜೇನು. ಅವಳು ಶಾಲೆಯ ಗ್ರಂಥಪಾಲಕಿ, ಕಾಲೇಜು ಓದಿದವಳು, ಮಾತನ್ನು ತೂಗಿ ಆಡುವವಳು. ತೂಗಿಯೇ ಹೇಳಿದಳು.

"ಸಿಹಿ."

ದೀಪಗಳ ಬೆಳಕಿಗೆ ಹಾಲ್ವರ್ ಕಣ್ಣು ಅರ್ಧ ಮುಚ್ಚಿದ್ದ. ಆ ಕ್ಷಣ ಅವನು ಆ ಕುರ್ಚಿಯಲ್ಲಿ ಇರಲೇ ಇಲ್ಲ.

"ಸುನ್ನಿವಾ," ಎಂದ.

ತಪ್ಪು ಉತ್ತರದ ಗಂಟೆ ಕಿರುಚಿತು. ಆಟ ನಡೆಸುವವನು ಹುಬ್ಬೇರಿಸಿದ. "ಏನಂದ್ರಿ ಸಾರ್? ಇನ್ನೊಂದ್ಸಲ ಹೇಳಿ, ನಮ್ಮ ನಿಘಂಟು ಚಿಕ್ಕದು!"

ಹಾಲ್ವರ್‌ನ ಕಿವಿ ಕೆಂಪಾದವು. "ಅದು... ಬ್ರೆಡ್ಡು. ನಮ್ಮ ಕಡೆ ಕ್ರಿಸ್‌ಮಸ್ಸಿಗೆ ಮಾಡೋ ಸಿಹಿ ಬ್ರೆಡ್ಡು."

"ಹಾಗಾದ್ರೆ ಮುಂದಿನ ಸಲ ನನಗೂ ಒಂದು ತುಂಡು ಸುನ್ನಿವಾ ತನ್ನಿ!" ಎಂದ ಅವನು. ಕೂತವರೆಲ್ಲ ಗೊಳ್ಳೆಂದು ನಕ್ಕರು. ಆರ್ಲಿಸ್ ಕೂಡ ನಕ್ಕಳು. ಅದೂ ಟೇಪಿನಲ್ಲಿದೆ. ಸೋತವರಿಗೆಂದು ಕೊಟ್ಟ ಕರೆಂಟಿನ ಚಾಕುವನ್ನು ಕಂಕುಳಲ್ಲಿ ಇಟ್ಟುಕೊಂಡು ಇಬ್ಬರೂ ಹೊರಗೆ ಬಂದರು.

ಕ್ಯಾಲಿಫೋರ್ನಿಯಾದಲ್ಲಿ ಅದು ಬ್ರೆಡ್ಡೇ. ಬಿಲ್ಲಿಂಗ್ಸ್‌ನಲ್ಲೂ ಬ್ರೆಡ್ಡೇ. ಮಿನೆಸೋಟಾದ ಮೂಲೆಯ ವೆಲ್ಬಿ ಊರಿಗೆ ಬಂದರೆ ಮಾತ್ರ ಅದು ಬ್ರೆಡ್ಡಲ್ಲ. ಅಲ್ಲಿರುವವರೆಲ್ಲ ನಾರ್ವೆಯಿಂದ ಬಂದವರ ಮಕ್ಕಳು, ಮೊಮ್ಮಕ್ಕಳು. ಕ್ರಿಸ್‌ಮಸ್ಸಿಗೆ ಯಾವ ಬ್ರೆಡ್ಡಿದೆ, ಯಾವುದಿಲ್ಲ ಎಂಬುದು ತೊಟ್ಟಿಲ ಕೂಸಿಗೂ ಗೊತ್ತು. ಮನೆಗೊಬ್ಬಳು ಇಂಗ, ಬೀದಿಗೊಬ್ಬಳು ಆಲ್ಮಾ ಇರುವ ಆ ಊರಿನಲ್ಲಿ ಸುನ್ನಿವಾ ಎಂಬವಳು ಒಬ್ಬಳೇ. ಮದುವೆಯಾಗದವಳು, ನಲವತ್ತು ದಾಟಿದವಳು, ಮಕ್ಕಳಿಗೆ ಪಿಯಾನೋ ಹೇಳಿಕೊಡುವವಳು, ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುವವಳು. ಶನಿವಾರ ಮಧ್ಯಾಹ್ನ ಅವಳು ಚರ್ಚಿನಲ್ಲಿ ಮರುದಿನದ ಹಾಡುಗಳನ್ನು ಅಭ್ಯಾಸ ಮಾಡುತ್ತಾಳೆ. ಚಳಿಗಾಲದ ಶನಿವಾರಗಳಲ್ಲಿ ಚರ್ಚಿನ ಒಲೆಗೆ ಕಲ್ಲಿದ್ದಲು ಹಾಕಿ ನೆಲಮಾಳಿಗೆಯಿಂದ ಕಟ್ಟಡ ಬೆಚ್ಚಗೆ ಮಾಡುವುದು ಹಾಲ್ವರ್‌ನ ಪಾಲಿನ ಸೇವೆ. ಇಷ್ಟು ವರ್ಷ ಆರ್ಲಿಸ್ ಇವೆರಡನ್ನೂ ಬೇರೆ ಬೇರೆಯಾಗಿ ಕಂಡಿದ್ದಳು. ಈಗ ಒಟ್ಟಿಗಲ್ಲದೆ ಕಾಣಲು ಅವಳಿಂದಾಗುತ್ತಿರಲಿಲ್ಲ.

ಕ್ಯಾಲಿಫೋರ್ನಿಯಾದಿಂದ ಕಾರಿನಲ್ಲಿ ವಾಪಸು ಬರುವ ದಾರಿಯುದ್ದಕ್ಕೂ ಆ ಮಾತು ಏಳಲಿಲ್ಲ. ಅವರ ಜನದಲ್ಲಿ ಮನೆಗೆ ಬೆಂಕಿ ಬಿದ್ದರೂ ಮೊದಲು "ಸ್ವಲ್ಪ ಸೆಕೆ ಅಲ್ವಾ?" ಎನ್ನುತ್ತಾರೆ. ಪೆಟ್ರೋಲ್ ಬಂಕು ಬಂದಾಗ ಅವನು "ಇಲ್ಲಿ ಹಾಕಿಸ್ಲಾ?" ಎಂದ. ಅವಳು "ಹಾಕ್ಸು" ಎಂದಳು. ಕೇಳಿದರೆ ಅವನು ಉತ್ತರ ಹೇಳಿಬಿಟ್ಟಾನು ಎಂಬ ಹೆದರಿಕೆ ಅವಳಿಗೆ. ಆಮೇಲೆ ತಿಂಗಳುಗಳು ಹೋದವು. ಎಲೆ ಉದುರಿತು, ಹಿಮ ಬಿತ್ತು, ಮಾತು ಇನ್ನೂ ಏಳಲಿಲ್ಲ.

ಪರ್ನಿಲ್ ಫೋನು ಮಾಡಿದ ಮರುದಿನ ಆರ್ಲಿಸ್ ಗ್ರಂಥಾಲಯದ ಬಾಗಿಲು ಹಾಕಿಕೊಂಡು ತಮ್ಮ ಕಡೆಯ ಟಿವಿ ಕೇಂದ್ರಕ್ಕೆ ಫೋನು ಮಾಡಿದಳು. ಎತ್ತಿದ ಹೆಂಗಸು ಏನನ್ನೋ ಅಗಿಯುತ್ತಲೇ ಮಾತಾಡಿದಳು.

"ಜೋಡಿಮಾತಾ ಮೇಡಂ? ಅದೀಗ ಸೈಕಲ್ ಮೇಲಿದೆ."

"ಸೈಕಲ್ಲಾ?"

"ನಾವು ಹಾಗಂತೀವಿ. ಈ ಕಡೆ ಊರುಗಳಿಗೆಲ್ಲ ಸೇರಿ ಇರೋದು ಒಂದೇ ಟೇಪು. ಒಬ್ರು ತೋರ್ಸಿ ಬಸ್ಸಿಗೆ ಹಾಕ್ತಾರೆ, ಮುಂದಿನೂರಿನವ್ರು ಇಳಿಸ್ಕೊಂಡು ತೋರಿಸ್ತಾರೆ. ಡೆನ್ವರ್ ಆಯ್ತು, ಬಿಲ್ಲಿಂಗ್ಸ್ ಆಯ್ತು. ಈಗ ಬಿಸ್‌ಮಾರ್ಕು. ಆಮೇಲೆ ನಾವೇ."

"ಒಂದು ದಿನದ ಆಟ ಮಾತ್ರ ಬಿಟ್ಟು... ಅದರ ಬದಲು ಬೇರೆ ಏನಾದ್ರೂ ತೋರ್ಸೋಕಾಗುತ್ತಾ? ನಾವಿರೋದು."

"ನೀವಿರೋದಾ? ಅಯ್ಯೋ, ನೀವು ನಮ್ಮ ಕಡೆಯವ್ರಾ? ಡೇಲ್! ಡೇಲ್, ಬಾ ಇಲ್ಲಿ, ನಮ್ಮೂರಿನವ್ರು ಜೋಡಿಮಾತಲ್ಲಿ ಬರ್ತಾರಂತೆ!"

"ಬೇಡ, ದಯವಿಟ್ಟು. ನಾನು ಅದ್ರಲ್ಲಿ ಚೆನ್ನಾಗಿ ಕಾಣಲ್ಲ."

"ಎಲ್ರೂ ಹಾಗೇ ಅಂತಾರೆ ಮೇಡಂ. ನನ್ನ ಮದುವೆ ಫೋಟೋ ನೋಡ್ಬೇಕು ನೀವು! ಹೆಸರು ಏನಂದ್ರಿ?"

ಆರ್ಲಿಸ್ ಹೆಸರು ಹೇಳಿಬಿಟ್ಟಳು. ಕೇಳಿದವರಿಗೆ ಹೇಳದೆ ಇರುವುದು ಅವಳಿಗೆ ಅಭ್ಯಾಸವಿರಲಿಲ್ಲ. ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿದಳು: ಎಲ್ಲ ಊರೂ ಮುಗಿದ ಮೇಲೆ ಆ ಟೇಪು ಏನಾಗುತ್ತದೆ?

"ಅಳಿಸಿ ಅದರ ಮೇಲೇ ಹೊಸ ಆಟ ತುಂಬ್ತಾರೆ. ಟೇಪು ದುಬಾರಿ ಅಲ್ವಾ. ಯಾಕೆ, ನಿಮಗೆ ನೆನಪಿಗೆ ಬೇಕಿತ್ತಾ? ಛೇ."

ಆ ವಾರದ ಪತ್ರಿಕೆಯಲ್ಲಿ 'ಟಿವಿಯಲ್ಲಿ ವೆಲ್ಬಿಯ ದಂಪತಿ' ಎಂದು ಚೌಕಟ್ಟು ಹಾಕಿ ದಿನ, ಹೊತ್ತು ಎಲ್ಲ ಅಚ್ಚಾಯಿತು. ತಡೆಯಲು ಹೋಗಿ ಅವಳೇ ಊರಿಗೆಲ್ಲ ಡಂಗುರ ಹೊಡೆಸಿದಂತಾಯಿತು. ಪಾಸ್ಟರನ ಹೆಂಡತಿ ಆಲ್ಮಾ ಅದನ್ನು ಕತ್ತರಿಸಿ ಹಿಡಿದುಕೊಂಡೇ ಮನೆಗೆ ಬಂದಳು.

"ಗುರುವಾರ ಚರ್ಚಿನ ನೆಲಮಾಳಿಗೇಲಿ ಎಲ್ರೂ ಸೇರಿ ನೋಡೋದು ಅಂತ ತೀರ್ಮಾನ ಆಯ್ತು ಕಣೇ. ನಮ್ಮ ಮನೆ ಟಿವಿ ಹೊತ್ಕೊಂಡು ಬರ್ತಾರೆ ಗಂಡಸರು. ಕಾಫಿ, ತಿಂಡಿ ಎಲ್ಲ ನಾವು ನೋಡ್ಕೋತೀವಿ. ನೀನು ಆ ಕರೆಂಟಿನ ಚಾಕು ಮಾತ್ರ ತಾ."

"ಅಷ್ಟೆಲ್ಲ ಯಾಕೆ ಆಲ್ಮಾ? ಎಲ್ರಿಗೂ ತೊಂದರೆ."

"ತೊಂದರೆ ಎಂಥದ್ದು? ಈ ಊರಿನವ್ರು ಟಿವೀಲಿ ಬಂದಿದ್ದು ಆ ಸುಂಟರಗಾಳಿ ಬಂದ ವರ್ಷ ಬಿಟ್ರೆ ಇದೇ ಮೊದಲು!"

ಹಾಲ್ವರ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಆಲ್ಮಾ ಹೋದ ಮೇಲೆ ಅವನು ಟೋಪಿ ಹಾಕಿಕೊಂಡು ಅಂಗಳದ ಹಿಮ ಎತ್ತಿಹಾಕಲು ಹೋದ. ಬೆಳಿಗ್ಗೆಯೇ ಅವನು ಎಲ್ಲ ಎತ್ತಿ ಮುಗಿಸಿದ್ದ. ಕಿಟಕಿಯಿಂದ ಆರ್ಲಿಸ್ ನೋಡಿದಳು. ಅವನು ಎಡಗಡೆಯ ಗುಡ್ಡೆಯಿಂದ ಹಿಮ ಎತ್ತಿ ಬಲಗಡೆಗೆ ಹಾಕುತ್ತಿದ್ದ.

ಉಳಿದದ್ದು ಒಂದೇ ದಾರಿ. ಅವಳು ಸುನ್ನಿವಾಳ ಮನೆಗೆ ಹೋದಳು. ಒಬ್ಬ ಹುಡುಗಿ ಪಾಠ ಮುಗಿಸಿ ಹೊರಗೆ ಓಡುತ್ತಿದ್ದಳು. ಪಿಯಾನೋದ ಮೇಲೆ ಕೆಮ್ಮಿನ ಮಾತ್ರೆಯ ಡಬ್ಬಿ ಇತ್ತು. ಅದು ಕಂಡದ್ದೇ ಆರ್ಲಿಸ್‌ಗೆ ಮುಳುಗುವವರಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು.

"ನಿಂಗೆ ಶೀತ ಅಂತ ಕಾಣುತ್ತೆ. ಗುರುವಾರ ಆ ನೆಲಮಾಳಿಗೆ ತುಂಬಾ ತಣ್ಣಗಿರುತ್ತೆ ಸುನ್ನಿವಾ. ಬರ್ಲೇಬೇಕು ಅಂತೇನಿಲ್ಲ."

"ತಣ್ಣಗ್ಯಾಕಿರುತ್ತೆ? ನಿಮ್ಮನೆಯವ್ರು ಒಲೆ ಉರಿಸಿರ್ತಾರಲ್ಲ," ಎಂದು ಸುನ್ನಿವಾ ನಕ್ಕಳು. "ಬಿಸಿ ಜಾಸ್ತಿಯಾಗಿ ನನ್ನ ಆರ್ಗನ್ ಸ್ವರ ತಪ್ಪುತ್ತೆ ಅಂತ ಬೈಬೇಕು ಅಂತ್ಲೇ ಇರ್ತೀನಿ, ಅವ್ರು ಎದುರಿಗೇ ಸಿಗಲ್ಲ. ಕೆಳಗಿಂದ್ಲೇ ಬಂದು ಕೆಳಗಿಂದ್ಲೇ ಹೋಗ್ತಾರೆ. ಕಾಫಿ ಕೊಡೋ ಕೆಲಸ ಆಲ್ಮಾ ನಂಗೇ ವಹಿಸಿದಾಳೆ. ಬರ್ದೇ ಇರ್ತೀನಾ?"

ಆರ್ಲಿಸ್ ಅವಳ ಮುಖವನ್ನು ಪುಸ್ತಕದ ಹಾಗೆ ಓದಿದಳು. ಅಲ್ಲಿ ಏನೂ ಬರೆದಿರಲಿಲ್ಲ. ಏನೂ ಇಲ್ಲದೆಯೇ ಬರೆದಿಲ್ಲವೋ, ಅಥವಾ ಅಳಿಸಿ ಇಟ್ಟಿರುವುದೋ? ಹೇಳಿಬಿಡಲೇ ಎಂದು ಬಾಯಿ ತೆರೆದಳು. ತೆರೆದ ಬಾಯಿಂದ "ಸರಿ ಹಾಗಾದ್ರೆ, ಗುರುವಾರ ಸಿಗೋಣ" ಎಂಬುದೇ ಹೊರಗೆ ಬಂತು.

ಆಮೇಲೆ ಅವಳು ಹಿಮಗಾಳಿಗಾಗಿ ಪ್ರಾರ್ಥಿಸಿದಳು. ಹಿಮಗಾಳಿ ಬಂತು, ಆದರೆ ಒಂದು ದಿನ ಮುಂಚೆ. ಗುರುವಾರ ಬೆಳಗಾಗುವಷ್ಟರಲ್ಲಿ ರಸ್ತೆ ತೆರವಾಗಿ, ಬಸ್ಸು ಬಂದು, ಬಿಸಿಲು ಬಿದ್ದಿತ್ತು.

ನೆಲಮಾಳಿಗೆ ತುಂಬಿತ್ತು. ಮಡಿಸುವ ಕುರ್ಚಿಗಳ ಮುಂದೆ ಆಲ್ಮಾಳ ಟಿವಿಯನ್ನು ಹಾಡಿನ ಪುಸ್ತಕಗಳ ಪೆಟ್ಟಿಗೆಯ ಮೇಲೆ ಏರಿಸಿದ್ದರು. ಹಾಲ್ವರ್ ಮತ್ತು ಆರ್ಲಿಸ್‌ಗೆ ಮದುಮಕ್ಕಳ ಹಾಗೆ ಮುಂದಿನ ಎರಡು ಕುರ್ಚಿ. ಪಕ್ಕದಲ್ಲಿ ಗುಡ್ರುನ್ ಅಜ್ಜಿ, ಮಂಡಿಯ ಮೇಲೆ ಕಂಬಳಿ ಹೊದ್ದುಕೊಂಡು. ಇಡೀ ಊರಿನಲ್ಲಿ ನಾರ್ವೆಯಲ್ಲೇ ಹುಟ್ಟಿದವರೆಂದರೆ ಈಗ ಅವಳೊಬ್ಬಳೇ ಉಳಿದಿದ್ದಳು. ಹಳೇ ದೇಶದ ಯಾವ ವಿಷಯದಲ್ಲಿಯೂ ಅವಳು ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ.

"ಏನೋ ಹಾಲ್ವರ್, ಟಿವೀಲಾದ್ರೂ ಬಾಯಿ ಬಿಟ್ಟಿದೀಯೋ ಇಲ್ವೋ?" ಎಂದಳು ಅಜ್ಜಿ. ಎಲ್ಲರೂ ನಕ್ಕರು. ಹಾಲ್ವರ್ ಶೂಗಳನ್ನು ನೋಡಿಕೊಂಡ.

ಆಟ ಶುರುವಾಯಿತು. ಹಾಲ್ವರ್ ಮುಖ ಪರದೆಯ ಮೇಲೆ ಬಂದದ್ದೇ ತಡ, ಚಪ್ಪಾಳೆ. ಮೊದಲ ಪದಕ್ಕೆ ಚಪ್ಪಾಳೆ, ಎರಡನೆಯದಕ್ಕೆ ಚಪ್ಪಾಳೆ, ಮೂರನೆಯದಕ್ಕೆ ಯಾರೋ ಸಿಳ್ಳೆ ಹೊಡೆದರು. ಆರ್ಲಿಸ್ ಪರದೆಯನ್ನು ನೋಡಲಿಲ್ಲ. ಅಲ್ಲಿ ಏನಾಗುವುದೆಂದು ಅವಳಿಗೆ ಗೊತ್ತಿತ್ತು. ಅವಳು ಕುತ್ತಿಗೆ ತಿರುಗಿಸಿ, ಅಡುಗೆಕೋಣೆಯ ಬಾಗಿಲಲ್ಲಿ ಕಾಫಿಯ ಹೂಜಿ ಹಿಡಿದು ನಿಂತಿದ್ದ ಸುನ್ನಿವಾಳನ್ನು ನೋಡುತ್ತಿದ್ದಳು.

"ಸಿಹಿ," ಎಂದಿತು ಅವಳದೇ ದನಿ.

"ಸುನ್ನಿವಾ."

ಸುನ್ನಿವಾಳ ತುಟಿ "ಆಂ?" ಎನ್ನುವಂತೆ ಅಲುಗಿತು. ಯಾರೋ ಕರೆದರು, ಕಾಫಿ ಬೇಕೇನೋ ಎಂಬಂತೆ ಒಂದು ಹೆಜ್ಜೆ ಮುಂದೆ ಬಂದಳು. ಪರದೆಯಲ್ಲಿ ಗಂಟೆ ಕಿರುಚಿತು, ಬ್ರೆಡ್ಡಿನ ಮಾತು ಬಂತು, ದೂರದ ಊರಿನ ಜನ ನಕ್ಕರು. ಅವಳು ನಿಂತಲ್ಲೇ ನಿಂತಳು. ಅವಳ ಕಣ್ಣು ನಿಧಾನವಾಗಿ ಹಾಲ್ವರ್‌ನ ಬೆನ್ನಿನ ಮೇಲೆ ಬಂದು ಕೂತಿತು. ಸಿಕ್ಕಿಬಿದ್ದವರ ಮುಖ ಹೇಗಿರುತ್ತದೆಂದು ಆರ್ಲಿಸ್‌ಗೆ ಗೊತ್ತು. ಶಾಲೆಯಲ್ಲಿ ದಿನಾ ನೋಡುತ್ತಾಳೆ. ಇದು ಅದಾಗಿರಲಿಲ್ಲ. ಕತ್ತಲ ಮನೆಯಲ್ಲಿ ಯಾರೋ ಒಂದೊಂದೇ ಕೋಣೆಯ ದೀಪ ಹಚ್ಚುತ್ತ ಬಂದ ಹಾಗೆ ಆ ಮುಖ ಬೆಳಗಿತು. ಇಷ್ಟು ವರ್ಷ ಪ್ರತಿ ಭಾನುವಾರ ನೋಡಿದ್ದರೂ ಅವಳು ಚೆಲುವೆಯೆಂದು ಆರ್ಲಿಸ್‌ಗೆ ತಿಳಿದಿರಲಿಲ್ಲ. ಮರುಕ್ಷಣ ಸುನ್ನಿವಾ ಒಳಗೆ ಸರಿದಳು. ನಲ್ಲಿ ಬಿಟ್ಟ ಸದ್ದು ಕೇಳಿತು.

ಆರ್ಲಿಸ್ ಮುಂದಕ್ಕೆ ತಿರುಗಿದಳು. ಎಲ್ಲರೂ ತಂತಮ್ಮ ಶೂ ನೋಡುತ್ತಿದ್ದರು. ಪರದೆಯಲ್ಲಿ ಯಾವುದೋ ಸೋಪಿನ ಜಾಹೀರಾತು ಹಾಡುತ್ತಿತ್ತು. ಒಬ್ಬೊಬ್ಬರಾಗಿ ಕಣ್ಣೆತ್ತಿದವರು ನೋಡಿದ್ದು ಹಾಲ್ವರ್‌ನನ್ನಲ್ಲ, ಆರ್ಲಿಸ್‌ಳನ್ನೂ ಅಲ್ಲ, ಗುಡ್ರುನ್ ಅಜ್ಜಿಯನ್ನು. ಅಂಥ ಬ್ರೆಡ್ಡಿಲ್ಲ ಎಂದು ಅವಳೊಂದು ಮಾತು ಅಂದರೆ ಮುಗಿಯಿತು.

ಅಜ್ಜಿ ಕಂಬಳಿ ಸರಿಮಾಡಿಕೊಂಡಳು.

"ಹೂಂ. ನಮ್ಮಮ್ಮ ಮಾಡ್ತಿದ್ಲು," ಎಂದಳು. "ಏಲಕ್ಕಿ ಜಾಸ್ತಿ ಹಾಕ್ಬೇಕು ಅದಕ್ಕೆ."

ಎಲ್ಲಿಂದಲೋ ಒಂದು ಉಸಿರು ಹೊರಬಿತ್ತು. "ಹೌದ್ಹೌದು," ಎಂದಳು ಆಲ್ಮಾ, "ನಮ್ಮ ದೊಡ್ಡಮ್ಮನೂ ಮಾಡ್ತಿದ್ರು. ಒಣದ್ರಾಕ್ಷಿ ಹಾಕಿ."

"ಒಣದ್ರಾಕ್ಷೀನಾ? ಸುನ್ನಿವಾಗಾ? ಒಣದ್ರಾಕ್ಷಿ ಎಲ್ಲಿಂದ ಬಂತು?" ಎಂದ ಹಿಂದಿನಿಂದ ಹಾಲಿನ ಡೇರಿಯ ಲುದ್ವಿಗ್. "ನಮ್ಮನೇಲಿ ಬಾದಾಮಿ ಹಾಕ್ತಿದ್ದಿದ್ದು."

"ನಿಮ್ಮನೇಲಿ ಎಲ್ಲದಕ್ಕೂ ಬಾದಾಮೀನೇ. ಮೀನಿಗೂ ಬಾದಾಮಿ!"

ನಗು ಎದ್ದಿತು. ಒಣದ್ರಾಕ್ಷಿಯವರದೊಂದು ಪಕ್ಷ, ಬಾದಾಮಿಯವರದೊಂದು ಪಕ್ಷವಾಯಿತು. ಇಲ್ಲದ ಬ್ರೆಡ್ಡನ್ನು ಇಡೀ ಊರು ಸೇರಿ ನಾದಿತು, ಉಬ್ಬಿಸಿತು, ಬೇಯಿಸಿತು. ಕರೆಂಟಿನ ಚಾಕುವನ್ನು ಯಾರೋ ಗುಂಯ್ ಎನ್ನಿಸಿ ಕೇಕು ಕತ್ತರಿಸಿದರು. ಎಲ್ಲರಿಗೂ ಅರ್ಥವಾಗಿತ್ತು, ಒಬ್ಬರನ್ನೂ ಬಿಡದೆ. ಮಂಜಿನಲ್ಲಿ ಸಿಕ್ಕವರಿಗೆ ಇದ್ದಬದ್ದ ಕೌದಿಯನ್ನೆಲ್ಲ ತಂದು ಹೊದಿಸುವ ಹಾಗೆ ಅವರು ಆರ್ಲಿಸ್‌ಗೆ ಹೊದಿಸುತ್ತಿದ್ದರು. ಅದರ ಅಡಿಯಲ್ಲಿ ಅವಳಿಗೆ ಉಸಿರು ಕಟ್ಟುತ್ತಿತ್ತು. ಬೇಡವೆನ್ನುವುದು ಹೇಗೆ?

ಅವಳು ಬಟ್ಟಲುಗಳನ್ನು ಆಯ್ದುಕೊಂಡು ಅಡುಗೆಕೋಣೆಗೆ ಹೋದಳು. ಸುನ್ನಿವಾ ತೊಳೆದ ಹೂಜಿಯನ್ನೇ ಮತ್ತೆ ತೊಳೆಯುತ್ತಿದ್ದಳು. ತಿರುಗಿ ನೋಡಲಿಲ್ಲ.

"ನಂಗೆ ಗೊತ್ತಿರ್ಲಿಲ್ಲ ಆರ್ಲಿಸ್."

"ಏನು?"

"ಆ ಬ್ರೆಡ್ಡಿನ ವಿಷಯ."

"ಗೊತ್ತು," ಎಂದಳು ಆರ್ಲಿಸ್. ಬಟ್ಟಲುಗಳನ್ನು ಮೇಜಿನ ಮೇಲಿಟ್ಟಳು.

ಗೊತ್ತಾದದ್ದು ಈಗ ತಾನೇ. ಆ ಶನಿವಾರಗಳಲ್ಲಿ ಏನೂ ನಡೆದಿರಲಿಲ್ಲ. ಕೆಳಗೆ ಒಬ್ಬ ಕಲ್ಲಿದ್ದಲು ಹಾಕುತ್ತ ಕೇಳುತ್ತಿದ್ದ, ಮೇಲೆ ಒಬ್ಬಳು ನುಡಿಸುತ್ತಿದ್ದಳು, ಅಷ್ಟೇ. ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಕಳ್ಳತನವಾಗಿದ್ದರೆ ಕೂಗಬಹುದಿತ್ತು. ಆ ಹೆಸರನ್ನು ಅವನು ಆ ಹೆಸರಿನವಳಿಗೂ ತಿಳಿಯದಷ್ಟು ಆಳದಲ್ಲಿ ಹೂತಿಟ್ಟಿದ್ದ. ಅದನ್ನು ಒಂದೇ ಪದದಿಂದ ಹೊರಗೆ ಎಳೆದು, ಊರೂರು ಸುತ್ತಿಸಿ ತಂದು ಸುನ್ನಿವಾಳ ಕೈಗೆ ಮುಟ್ಟಿಸಿದವಳು ತಾನೇ.

ಮನೆಗೆ ಹಿಂತಿರುಗುವಾಗ ಹಾಲ್ವರ್ ಕಾರನ್ನು ನಿಧಾನವಾಗಿ ಓಡಿಸಿದ. ರಸ್ತೆಯ ಎರಡೂ ಕಡೆ ಹಿಮದ ಗೋಡೆ.

"ಕಾಫಿ ಸ್ವಲ್ಪ ಸ್ಟ್ರಾಂಗ್ ಆಗಿತ್ತು," ಎಂದ.

"ಹೂಂ. ಸ್ವಲ್ಪ."

ಕಾರು ಸೇತುವೆ ದಾಟಿತು. ಸ್ಟೇರಿಂಗ್ ಹಿಡಿದ ಅವನ ಬೆರಳುಗಳು ಒಮ್ಮೆ ಬಿಚ್ಚಿ ಮತ್ತೆ ಬಿಗಿಯಾದದ್ದನ್ನು ಅವಳು ನೋಡಿದಳು.

"ಒಳಗೆ... ಕಾಫಿ ಕೊಡ್ತಿದ್ದೋರು, ಏನಾದ್ರೂ ಅಂದ್ರಾ?"

ಅಷ್ಟು ತಿಂಗಳಲ್ಲಿ ಆ ವಿಷಯದ ಹತ್ತಿರಕ್ಕೆ ಅವನು ಬಂದದ್ದು ಅದೇ ಮೊದಲು. ದನಿಯಲ್ಲಿ ಹೆದರಿಕೆ ಇತ್ತು. ಹೆದರಿಕೆಯ ಕೆಳಗೆ ಆಸೆಯಂಥದ್ದೊಂದು ಇತ್ತು, ಅದನ್ನು ಮುಚ್ಚಲು ಅವನಿಗೆ ಬರುತ್ತಿರಲಿಲ್ಲ. ಟಿವಿಯಲ್ಲಿ ಆ ಹೆಸರು ಬಂದಾಗ ಅವನು ಶೂ ನೋಡುತ್ತಿದ್ದ. ಅಲ್ಲಿದ್ದವರೆಲ್ಲ ಶೂ ನೋಡುತ್ತಿದ್ದರು. ನಾಳೆ ಆ ಟೇಪು ಬಸ್ಸು ಹತ್ತಿ ಮುಂದಿನ ಊರಿಗೆ ಹೋಗುತ್ತದೆ, ಕೊನೆಗೊಂದು ದಿನ ಅಳಿಸಿಹೋಗುತ್ತದೆ. ಸುನ್ನಿವಾಳ ಮುಖ ಬೆಳಗಿದ್ದು ಯಾವ ಟೇಪಿನಲ್ಲಿಯೂ ಇಲ್ಲ. ಕಂಡವಳು ಅವಳೊಬ್ಬಳೇ.

"ಇಲ್ಲ. ಪಾತ್ರೆ ತೊಳೀತಿದ್ಲು," ಎಂದಳು ಆರ್ಲಿಸ್.

ಅವನು ತಲೆಯಾಡಿಸಿದ. ಶನಿವಾರ ಅವನು ಮತ್ತೆ ಒಲೆ ಹಚ್ಚಲು ಹೋಗುತ್ತಾನೆ, ಮೇಲೆ ಆರ್ಗನ್ ನುಡಿಯುತ್ತದೆ. ಅದನ್ನು ತಡೆಯುವುದು ಅವಳಿಂದ ಆಗದು. ಆದರೆ ತಾನು ಕಂಡದ್ದನ್ನು ಅವನಿಗಾಗಲಿ, ಆಲ್ಮಾಗಾಗಲಿ, ಪರ್ನಿಲ್‌ಗಾಗಲಿ, ಯಾರಿಗೂ ಎಂದೂ ಹೇಳುವುದಿಲ್ಲವೆಂದು, ಮನೆಯ ದೀಪ ಕಣ್ಣಿಗೆ ಬೀಳುವ ಮುಂಚೆಯೇ ಅವಳು ನಿರ್ಧರಿಸಿಬಿಟ್ಟಿದ್ದಳು.